ದುಭಾಷಿಯ ಮೊದಲ ಮಾತು

“ಗುರುಗಳೇ, ಇಂಗ್ಲಿಷಿನಲ್ಲಿ ‘ವೆನೆವರ್’ ಎಂಬ ಮಾತು ಮುಂದೆ ಬಂದು ನಿಲ್ಲುತ್ತದೆ. ಕನ್ನಡದಲ್ಲಿ ಅದೇ ಕೆಲಸ ಮಾಡುವ ಮಾತು ಹಿಂದೆ ಬರುತ್ತದೆ. ಹೀಗೇಕೆ?”

ಕೇಳಿದವನು ನೇಮಣ್ಣ. ಅವನು ಮಠದ ಪಾಠಶಾಲೆಯಲ್ಲಿ ಬೆಳಿಗ್ಗೆ ಸಂಸ್ಕೃತವನ್ನೂ ಮಧ್ಯಾಹ್ನ ಇಂಗ್ಲಿಷನ್ನೂ ಕಲಿಯುತ್ತಿದ್ದ. ಕೋರ್ಟಿನಲ್ಲಿ ದುಭಾಷಿಯಾಗಬೇಕೆಂಬುದು ಅವನ ಆಸೆ. ಆ ಕಾಲದಲ್ಲಿ ದೊಡ್ಡ ಕೋರ್ಟುಗಳಲ್ಲಿ ನ್ಯಾಯ ಹೇಳುವವರು ಇಂಗ್ಲಿಷ್ ದೊರೆಗಳು, ನ್ಯಾಯ ಕೇಳಲು ಬರುವವರು ಕನ್ನಡದವರು. ನಡುವೆ ದುಭಾಷಿ ನಿಲ್ಲುತ್ತಿದ್ದ.

“ಉದಾಹರಣೆ ಹೇಳು,” ಎಂದರು ಗುರುಗಳು.

“ನಾವು ‘ಮಳೆ ಬಂದಾಗಲೆಲ್ಲ ಸೂರು ಸೋರುತ್ತದೆ’ ಎನ್ನುತ್ತೇವೆ. ಮೊದಲು ಮಳೆ, ‘ಆಗಲೆಲ್ಲ’ ಆಮೇಲೆ. ಇಂಗ್ಲಿಷಿನವರು ಮಳೆಗಿಂತ ಮುಂಚೆಯೇ ‘ವೆನೆವರ್’ ಎಂದುಬಿಡುತ್ತಾರೆ. ಎಂದೋ ಒಮ್ಮೆ ನಡೆದ ಮಾತಾದರೆ ‘ವೆನ್’ ಎನ್ನುತ್ತಾರೆ. ‘ಹೌ’ ಕೂಡ ಹಾಗೆಯೇ. ‘ಅವನು ಹೇಗೆ ಬಂದನೆಂದು ಗೊತ್ತಿಲ್ಲ’ ಎನ್ನುವಾಗ ನಮಗೆ ‘ಹೇಗೆ’ ಸಾಲದು, ಹಿಂದೆ ‘ಎಂದು’ ಬೇಕು. ಅವರಿಗೆ ಮುಂದೆ ನಿಂತ ‘ಹೌ’ ಒಂದೇ ಸಾಕು. ಕನ್ನಡವನ್ನು ಇಂಗ್ಲಿಷಿಗೆ ತಿರುಗಿಸುವಾಗ ನಾನು ಇಲ್ಲಿಯೇ ಎಡವುತ್ತೇನೆ. ಯಾವ ಮಾತಿನಿಂದ ಶುರು ಮಾಡಬೇಕೆಂದು ತಿಳಿಯುವುದಿಲ್ಲ. ಅದಕ್ಕೆ ಒಂದು ಸೂತ್ರ ಹೇಳಿಕೊಡಿ.”

“ಸೂತ್ರ ನನಗೆ ತಿಳಿಯದು. ಒಬ್ಬ ದುಭಾಷಿಯ ಕತೆ ತಿಳಿದಿದೆ. ಅದನ್ನು ಹೇಳುತ್ತೇನೆ,” ಎಂದರು ಗುರುಗಳು. ಹೀಗೆ ಹೇಳಿದರು.

ಒಂದು ಊರಿನ ಕೋರ್ಟಿನಲ್ಲಿ ವೆಂಕೋಬರಾಯನೆಂಬ ದುಭಾಷಿ ಇದ್ದ. ಅವನು ಒಳ್ಳೆಯವನು. ಯಾರಿಂದಲೂ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಜಮೀನ್ದಾರನ ಮಾತನ್ನೂ ಕೂಲಿಯವನ ಮಾತನ್ನೂ ಒಂದೇ ಸ್ವರದಲ್ಲಿ ಹೇಳುತ್ತಿದ್ದ. ಸಾಕ್ಷಿ ಹೇಳುವವನು ಸಿಟ್ಟಿಗೆದ್ದು ದೊರೆಯನ್ನೇ ಬೈದರೆ, ಆ ಬೈಗುಳವನ್ನೂ ಬಿಡದೆ ಇಂಗ್ಲಿಷಿಗೆ ತರುತ್ತಿದ್ದ. ಅದರಿಂದಾಗಿ ಅವನನ್ನು ಎಲ್ಲರೂ ನಂಬುತ್ತಿದ್ದರು.

ಅವನಿಗೆ ಒಂದು ಹೆಮ್ಮೆಯಿತ್ತು. ಅವನು ಕಾಯುತ್ತಿರಲಿಲ್ಲ. ಬೇರೆ ದುಭಾಷಿಗಳು ಸಾಕ್ಷಿಯ ಮಾತು ಮುಗಿದ ಮೇಲೆ ಬಾಯಿ ತೆರೆಯುತ್ತಿದ್ದರು. ವೆಂಕೋಬರಾಯ ಸಾಕ್ಷಿಯ ಜೊತೆಜೊತೆಗೇ ಹೇಳುತ್ತ ಹೋಗುತ್ತಿದ್ದ. ಇಲ್ಲಿ ಕನ್ನಡ ನಿಲ್ಲುವ ಹೊತ್ತಿಗೆ ಅಲ್ಲಿ ಇಂಗ್ಲಿಷೂ ನಿಂತಿರುತ್ತಿತ್ತು. ಎಷ್ಟೋ ಸಲ ಇಂಗ್ಲಿಷೇ ಮೊದಲು ಮುಗಿಯುತ್ತಿತ್ತು. ಹೊಸದಾಗಿ ಬಂದ ವಕೀಲರು ತಮ್ಮ ಕೇಸು ಇಲ್ಲದ ದಿನವೂ ಅವನನ್ನು ಕೇಳಲೆಂದು ಬಂದು ಕೂರುತ್ತಿದ್ದರು. ದೊರೆಗೂ ಅದು ಮೆಚ್ಚಿಗೆಯಾಗಿತ್ತು. ಬೇರೆ ಕಡೆ ಇಡೀ ದಿನ ಹಿಡಿಯುವ ಕೆಲಸ ಅವನ ಕೋರ್ಟಿನಲ್ಲಿ ಊಟದ ಹೊತ್ತಿಗೆ ಮುಗಿಯುತ್ತಿತ್ತು.

ಒಮ್ಮೆ ಒಬ್ಬ ವಕೀಲ, “ರಾಯರೇ, ಅವನು ಮುಂದೆ ಏನು ಹೇಳುತ್ತಾನೆಂದು ನಿಮಗೆ ಹೇಗೆ ತಿಳಿಯುತ್ತದೆ?” ಎಂದು ಕೇಳಿದ.

“ಕಟಕಟೆಯಲ್ಲಿ ನಿಂತವರು ಹೇಳುವ ಮಾತು ಬಹಳ ಇರುವುದಿಲ್ಲ. ಶುರುವನ್ನು ಕೇಳಿದರೆ ಕೊನೆ ಗೊತ್ತಾಗುತ್ತದೆ,” ಎಂದ ವೆಂಕೋಬರಾಯ. ಅವನು ಜಂಬದಿಂದ ಹೇಳಲಿಲ್ಲ. ಅವನಿಗೆ ಹಾಗೆಯೇ ಅನ್ನಿಸಿತ್ತು.

ಆ ಸೀಮೆಯ ಒಂದು ಹಳ್ಳಿಯಲ್ಲಿ ದೊಡ್ಡ ಕೆರೆಯೊಂದಿತ್ತು. ಬೈಲಪ್ಪನೆಂಬವನು ಅದರ ನೀರಗಂಟಿ. ಕೆರೆ ತುಂಬಿದರೆ ತೂಬಿನ ಹಲಗೆ ಎತ್ತಿ ಕಾಲುವೆಗೆ ನೀರು ಬಿಡುವುದು, ಗದ್ದೆಗಳಿಗೆ ನೀರು ಹಂಚುವುದು ಅವನ ಕೆಲಸ. ಅವನ ತಂದೆಯೂ ಅದನ್ನೇ ಮಾಡಿದ್ದ. ಕಾಲುವೆಯಲ್ಲಿ ದನ ಇರಬಹುದು, ಜನ ಇರಬಹುದು. ಆದ್ದರಿಂದ ತೂಬು ಎತ್ತುವ ಮುಂಚೆ ನೀರಗಂಟಿ ಕೆರೆಯ ಏರಿಯ ಮೇಲೆ ನಿಂತು ಕೊಂಬು ಊದಬೇಕು. ಕೆಳಗಿದ್ದವರು ದಡಕ್ಕೆ ಹತ್ತಬೇಕು. ಎಲ್ಲರೂ ಹತ್ತಿದ್ದನ್ನು ಕಣ್ಣಾರೆ ನೋಡಿ ಅವನು ಹಲಗೆ ಮುಟ್ಟಬೇಕು.

ಒಂದು ದಿನ ಕೊಂಬಿನ ಸದ್ದಿಲ್ಲದೆ ತೂಬು ತೆರೆಯಿತು. ಮಡಿವಾಳರ ಮಲ್ಲಕ್ಕ ಏರಿಯ ಕೆಳಗೆ ಕಾಲುವೆಯಲ್ಲಿ ನಿಂತು ಬಟ್ಟೆ ಒಗೆಯುತ್ತಿದ್ದಳು. ನೀರು ಒಮ್ಮೆಗೇ ನುಗ್ಗಿ ಅವಳನ್ನು ಕಲ್ಲಿಗೆ ಅಪ್ಪಳಿಸಿತು. ಊರವರು ಓಡಿ ಬಂದು ಎತ್ತುವಾಗ ಅವಳಲ್ಲಿ ಉಸಿರಿರಲಿಲ್ಲ.

ತೂಬು ಎತ್ತುವವನು ನೀರಗಂಟಿ. ಹೀಗಾಗಿ ಪೊಲೀಸರು ಬೈಲಪ್ಪನನ್ನು ಹಿಡಿದರು. ಅವನು, ಆ ದಿನ ತಾನು ಊರಿನಲ್ಲಿರಲಿಲ್ಲ ಎಂದ. ಊರ ಗೌಡನ ಕಡೆಯವರು, ಅವನನ್ನು ಏರಿಯ ಮೇಲೆ ಕಂಡೆವು ಎಂದರು. ಬೈಲಪ್ಪನಿಗೆ ವಕೀಲರಿರಲಿಲ್ಲ. ಕೇಸು ದೊರೆಯ ಮುಂದೆ ಬಂತು.

ವಿಚಾರಣೆಯ ದಿನ ಕೋರ್ಟಿನಲ್ಲಿ ಜನ ಕಿಕ್ಕಿರಿದಿದ್ದರು. ಮಲ್ಲಕ್ಕನ ಗಂಡ ಗೋಡೆಗೆ ಒರಗಿ ನೆಲದ ಮೇಲೆ ಕುಳಿತಿದ್ದ. ಬೈಲಪ್ಪನ ಹೆಂಡತಿ ಓಬಕ್ಕನಿಗೆ ಒಳಗೆ ಜಾಗ ಸಿಗಲಿಲ್ಲ. ಅವಳು ಹೊರಗೆ ಮರದ ಕೆಳಗೆ ನಿಂತಿದ್ದಳು.

ಗೌಡನ ಕಡೆಯವರ ಸಾಕ್ಷಿ ಮುಗಿಯಿತು. ಕೊಂಬಿನ ಸದ್ದು ಕೇಳಲಿಲ್ಲವೆಂದು ಊರಿನ ಬೇರೆ ಕೆಲವರೂ ಹೇಳಿದರು. ಕೊನೆಗೆ ದೊರೆ ಬೈಲಪ್ಪನ ಕಡೆ ತಿರುಗಿ ಇಂಗ್ಲಿಷಿನಲ್ಲಿ, ತೂಬು ಹೇಗೆ ತೆರೆಯಿತೆಂದು ಇವನು ಹೇಳಲಿ ಎಂದ.

ದೊರೆಯ ಮನಸ್ಸಿನಲ್ಲಿದ್ದದ್ದು ಮಲ್ಲಕ್ಕ ಸತ್ತ ದಿನ. ಆದರೆ ‘ಆ ದಿನ’ ಎಂದು ಅವನು ಬಿಡಿಸಿ ಹೇಳಲಿಲ್ಲ. ‘ಹೌ’ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ವೆಂಕೋಬರಾಯನ ಬಾಯಲ್ಲಿ ‘ಹೇಗೆ’ ಬಂದಾಗಿತ್ತು. ಉಳಿದದ್ದನ್ನು ಅದಕ್ಕೆ ಜೋಡಿಸಿದ.

“ಹೇಗಪ್ಪಾ ತೂಬು ಎತ್ತೋದು? ದೊರೆಗಳಿಗೆ ಹೇಳು,” ಎಂದ.

ಬೈಲಪ್ಪನಿಗೆ ಆಶ್ಚರ್ಯವಾಯಿತು. ದೊರೆ ತನ್ನ ಕಸುಬನ್ನು ಕೇಳುತ್ತಿದ್ದಾನೆ ಎಂದುಕೊಂಡ. ತನ್ನ ಕೆಲಸದ ಕ್ರಮ ಇವರಿಗೆ ತಿಳಿದರೆ, ತಾನು ಅಂಥವನಲ್ಲವೆಂದೂ ತಿಳಿಯಬಹುದು ಎಂದು ಅವನಿಗೆ ಅನ್ನಿಸಿತು. ಅವನು ಕೈ ಜೋಡಿಸಿ, ಸೆರೆಗೆ ಬರುವ ಮೊದಲು ತಾನು ಮಾಡುತ್ತಿದ್ದುದನ್ನು ನಿಧಾನವಾಗಿ ಹೇಳಿದ:

“ಕೆರೆ ತುಂಬ್ದಾಗ, ಏರಿ ಮ್ಯಾಲೆ ನಿಂತು ಕೊಂಬು ಊದಿ, ತೂಬು ಎತ್ತುತಿದ್ದೆ ಸ್ವಾಮಿ.”

ಅವನು ‘ಆಗಲೆಲ್ಲ’ ಎನ್ನಲಿಲ್ಲ. ಮಾತಾಡುವಾಗ ನಾವು ಬಹಳ ಮಂದಿ ಹಾಗೆ ಎನ್ನುವುದಿಲ್ಲ. ಅದು ಕೊನೆಯ ‘ಎತ್ತುತಿದ್ದೆ’ಯಲ್ಲಿ ಸೇರಿಕೊಂಡಿರುತ್ತದೆ. ಅಲ್ಲಿಯವರೆಗೆ ಕೇಳಿದವನಿಗೆ, ಇದು ಒಂದು ದಿನದ ಮಾತಲ್ಲ, ಇವನು ಯಾವಾಗಲೂ ಮಾಡಿಕೊಂಡು ಬಂದ ಕೆಲಸದ ಮಾತು ಎಂದು ತಿಳಿಯುತ್ತದೆ.

ಆದರೆ ವೆಂಕೋಬರಾಯ ‘ತುಂಬ್ದಾಗ’ ಎಂಬಲ್ಲಿಯೇ ಶುರು ಮಾಡಿದ್ದ. ಇಂಗ್ಲಿಷಿಗೆ ಮೊದಲ ಮಾತು ಬೇಕು. ಅವನು ‘ವೆನ್’ ಎಂದ. ಆ ಮಾತು ಹೊರಗೆ ಬಿದ್ದ ಮೇಲೆ ಉಳಿದದ್ದೆಲ್ಲ ಅದರ ಹಿಂದೆ ನಡೆಯಿತು. ಕೆರೆ ತುಂಬಿದಾಗ ನಾನು ಕೊಂಬು ಊದಿದೆ, ತೂಬು ಎತ್ತಿದೆ ಎಂದಾಯಿತು. ಬೈಲಪ್ಪ ‘ಎತ್ತುತಿದ್ದೆ’ ಎನ್ನುವ ಮೊದಲೇ ಇಂಗ್ಲಿಷ್ ಮುಗಿದಿತ್ತು.

ದೊರೆ ಲೇಖನಿ ಕೆಳಗಿಟ್ಟ. ಸರ್ಕಾರಿ ವಕೀಲನಿಗೆ ಕನ್ನಡ ಚೆನ್ನಾಗಿ ಬರುತ್ತಿತ್ತು. ಆದರೆ ಅವನು ಆ ಹೊತ್ತಿನಲ್ಲಿ ಇಂಗ್ಲಿಷನ್ನು ಮಾತ್ರ ಕೇಳುತ್ತಿದ್ದ.

“ಮೊದಲು ಇವನು ಊರಿನಲ್ಲೇ ಇರಲಿಲ್ಲ ಎಂದಿದ್ದ,” ಎಂದ ದೊರೆ. “ಈಗ ತಾನೇ ಎತ್ತಿದೆನೆಂದು ಒಪ್ಪುತ್ತಾನೆ. ಅದರ ಜೊತೆಗೆ ಕೊಂಬು ಊದಿದೆನೆಂದು ಇನ್ನೊಂದು ಸುಳ್ಳು ಹೇಳುತ್ತಾನೆ. ಕೊಂಬಿನ ಸದ್ದು ಊರಿನಲ್ಲಿ ಒಬ್ಬರಿಗೂ ಕೇಳಿಲ್ಲ.”

ತೀರ್ಪು ನಾಳೆ ಎಂದು ಹೇಳಿ ದೊರೆ ಎದ್ದ. ಬೈಲಪ್ಪ ಕೈ ಮುಗಿದುಕೊಂಡೇ ನಿಂತಿದ್ದ. ತನ್ನ ಕೆಲಸವನ್ನು ಸರಿಯಾಗಿ ಹೇಳಿದೆನೆಂಬ ನೆಮ್ಮದಿ ಅವನ ಮುಖದಲ್ಲಿತ್ತು.

ಸಂಜೆ ವೆಂಕೋಬರಾಯ ಮನೆಗೆ ಹೊರಟ. ಮರದ ಕೆಳಗೆ ನಿಂತಿದ್ದ ಓಬಕ್ಕ ಎದುರಿಗೆ ಬಂದಳು.

“ಅಯ್ಯಾ, ಒಳಗೆ ನಮ್ಮೋರು ಏನಂದ್ರು?”

ವೆಂಕೋಬರಾಯನಿಗೆ ಅವಳ ಮೇಲೆ ಮರುಕ ಬಂತು. “ಒಪ್ಪಿಕೊಂಡನಮ್ಮ. ತೂಬು ತಾನೇ ಎತ್ತಿದೆ ಎಂದ,” ಎಂದು ಮೆಲ್ಲಗೆ ಹೇಳಿದ.

ಓಬಕ್ಕ ಅಳಲಿಲ್ಲ. ಅವಳಿಗೆ ಅರ್ಥವಾಗಲಿಲ್ಲ.

“ಅವತ್ತು ಅವರು ಊರಾಗೇ ಇರ್ಲಿಲ್ಲ. ಮಗಳಿಗೆ ಹೆರಿಗೆ ಆಗಿತ್ತು. ಕೂಸು ನೋಡೋಕೆ ಹೋಗಿದ್ರು. ಇಲ್ದೇ ಇರೋರು ಎಂಗೆ ಎತ್ತಿದೆ ಅಂತಾರೆ? ಅವರ ಬಾಯಾಗೆ ಬಂದಿದ್ದು ಏನು, ಅದನ್ನೇ ಹೇಳಿ ಅಯ್ಯಾ.”

ವೆಂಕೋಬರಾಯನ ನೆನಪು ಗಟ್ಟಿಯಾದದ್ದು. ಕೇಳಿದ ಮಾತನ್ನು ಅವನು ಮರೆಯುತ್ತಿರಲಿಲ್ಲ. ಬೈಲಪ್ಪನ ಮಾತನ್ನು ಬೈಲಪ್ಪನ ಹಾಗೆಯೇ ಹೇಳತೊಡಗಿದ. “ಕೆರೆ ತುಂಬ್ದಾಗ,” ಎಂದ. “ಏರಿ ಮ್ಯಾಲೆ ನಿಂತು ಕೊಂಬು ಊದಿ,” ಎಂದ. “ತೂಬು—”

ಅಲ್ಲಿ ಅವನು ನಿಂತುಬಿಟ್ಟ.

ಓಬಕ್ಕ ಕಾದಳು. “ಆಮ್ಯಾಕೆ?” ಎಂದಳು.

ಅವನಿಗೆ ಕೊನೆಯ ಮಾತು ನೆನಪಿತ್ತು. ಬೆಳಿಗ್ಗೆ ಅದು ಅವನ ಕಿವಿಗೆ ಬಿದ್ದಿತ್ತು. ಆದರೆ ಅಷ್ಟರಲ್ಲಿ ತನ್ನ ಕೆಲಸ ಮುಗಿಸಿದ್ದರಿಂದ ಅವನು ಅದನ್ನು ಕೇಳಿರಲಿಲ್ಲ. ಈಗ ಕೇಳಿಸಿತು.

ಅವನು ನಡೆದುಬಿಟ್ಟ. ಅವಳು ಹಿಂದಿನಿಂದ ಕರೆದಳು. ಅವನು ತಿರುಗಿ ನೋಡಲಿಲ್ಲ.

ಮನೆಯಲ್ಲಿ ಅವನು ಕೈಕಾಲು ತೊಳೆದು ಜಗಲಿಯ ಮೇಲೆ ಕುಳಿತ. ಹೆಂಡತಿ ಊಟಕ್ಕೆ ಕರೆದಳು. ಹಸಿವಿಲ್ಲವೆಂದ.

ಅವನು ತನಗೆ ತಾನೇ ಹಲವು ಸಮಾಧಾನ ಹೇಳಿಕೊಂಡ. ಬೈಲಪ್ಪನೇ ಎತ್ತಿರಬಹುದು. ಕಂಡವರು ಇದ್ದಾರಲ್ಲ. ‘ಎತ್ತುತ್ತಿದ್ದೆ’ ಎಂದರೆ ಆ ಗಳಿಗೆಯಲ್ಲಿ ಎತ್ತುತ್ತಲಿದ್ದೆ ಎಂದೂ ಆಗುತ್ತದೆ, ಹಾಗಿದ್ದರೆ ತಾನು ಹೇಳಿದ್ದು ಅಷ್ಟೇನೂ ತಪ್ಪಲ್ಲ. ತಪ್ಪೇ ಆಗಿದ್ದರೂ ಮೇಲಿನ ಕೋರ್ಟು ಇದೆ. ಅಲ್ಲಿ ಯಾರಾದರೂ ಸರಿಪಡಿಸುತ್ತಾರೆ.

ಈ ಸಮಾಧಾನಗಳೆಲ್ಲ ಒಂದೊಂದಾಗಿ ಬಂದು ಹೋದವು. ಯಾವುದೂ ನಿಲ್ಲಲಿಲ್ಲ. ಅವನನ್ನು ಹೆದರಿಸಿದ್ದು ಬೈಲಪ್ಪನ ಕೇಸಲ್ಲ. ಈ ಒಂದು ಮಾತು ತಪ್ಪಿತೆಂದು ತಾನು ಒಪ್ಪಿದರೆ, ಇದುವರೆಗೆ ತಾನು ಹೇಳಿದ ಮಾತುಗಳ ಗತಿ ಏನು? ಆ ಕಟಕಟೆಯಲ್ಲಿ ಎಷ್ಟು ಜನ ಬಂದು ನಿಂತಿದ್ದರು! ಅವರಲ್ಲಿ ಒಬ್ಬರ ಮಾತನ್ನೂ ಅವನು ಕೊನೆಯವರೆಗೆ ಕಾದು ಕೇಳಿರಲಿಲ್ಲ. ಅವರಲ್ಲಿ ಕೆಲವರು ಮನೆಗೆ ಹೋಗಿದ್ದರು, ಕೆಲವರು ಸೆರೆಮನೆಗೆ ಹೋಗಿದ್ದರು.

ಬೆಳಗಾದ ಕೂಡಲೇ ಅವನು ದೊರೆಯ ಬಂಗಲೆಗೆ ಹೋದ. ದೊರೆ ತೋಟದಲ್ಲಿ ತಿರುಗಾಡುತ್ತಿದ್ದ. ವೆಂಕೋಬರಾಯ ನಡೆದದ್ದನ್ನು ಹೇಳಿದ. ತೀರ್ಪಿಗೆ ಮೊದಲು ಒಂದು ಮಾತನ್ನು ತಿದ್ದಿಕೊಂಡರೆ ಸಾಕು, ಕೋರ್ಟಿನಲ್ಲಿ ಹೇಳುವ ಅಗತ್ಯವಿಲ್ಲವೆಂಬುದು ಅವನ ಎಣಿಕೆಯಾಗಿತ್ತು.

ದೊರೆ ಪೂರ್ತಿ ಕೇಳಿದ. “ಆ ಮಾತನ್ನು ನೀವು ಎಲ್ಲಿ ಹೇಳಿದಿರಿ?” ಎಂದ.

“ಕೋರ್ಟಿನಲ್ಲಿ.”

“ಹಾಗಾದರೆ ಕೋರ್ಟಿನಲ್ಲಿ ಹೇಳಿ,” ಎಂದು ದೊರೆ ಒಳಗೆ ಹೋದ.

ಕೋರ್ಟು ಸೇರಿತು. ಹಿಂದಿನ ದಿನದ ಜನರೆಲ್ಲ ತೀರ್ಪು ಕೇಳಲು ಬಂದಿದ್ದರು. ಬೈಲಪ್ಪನನ್ನು ಕಟಕಟೆಗೆ ತಂದು ನಿಲ್ಲಿಸಿದರು. ವೆಂಕೋಬರಾಯ ತನ್ನ ಜಾಗದಿಂದ ಎದ್ದು ಮುಂದೆ ಬಂದ. ಮೊದಲು ಇಂಗ್ಲಿಷಿನಲ್ಲಿ ಹೇಳಿದ, ಆಮೇಲೆ ಎಲ್ಲರಿಗೂ ತಿಳಿಯಲೆಂದು ಕನ್ನಡದಲ್ಲಿ ಹೇಳಿದ:

“ನಿನ್ನೆ ಬೈಲಪ್ಪನ ಮಾತೆಂದು ನಾನು ಹೇಳಿದ್ದು ಬೈಲಪ್ಪನದಲ್ಲ. ಪ್ರಶ್ನೆಯನ್ನೂ ನಾನು ಸರಿಯಾಗಿ ಕೇಳಲಿಲ್ಲ. ಉತ್ತರವನ್ನೂ ಕೊನೆಯವರೆಗೆ ಕೇಳಲಿಲ್ಲ. ಅವನು ತಾನು ಯಾವಾಗಲೂ ಮಾಡುವ ಕೆಲಸವನ್ನು ಹೇಳಿದ. ನಾನು ಅದನ್ನು ಆ ಒಂದು ದಿನದ ಮೇಲೆ ಹಾಕಿದೆ.”

ಸರ್ಕಾರಿ ವಕೀಲ ಎದ್ದು ನಿಂತ. ದೊರೆ ಅವನಿಗೆ ಕೂರಲು ಸನ್ನೆ ಮಾಡಿದ. ವೆಂಕೋಬರಾಯನನ್ನೇ ಕೇಳಿದ:

“ನಿನ್ನೆ ಮಾತ್ರ ಹೀಗಾಯಿತೇ? ಯಾವಾಗಲೂ ನೀವು ಇದೇ ವೇಗದಲ್ಲಿ ಹೇಳುತ್ತ ಬಂದಿದ್ದೀರಲ್ಲ?”

“ಹೌದು.”

“ಉಳಿದವರ ಮಾತು?”

ಹಿಂದಿನ ಸಾಲಿನಲ್ಲಿ ಕುಳಿತ ಹೊಸ ವಕೀಲರು ತಲೆ ತಗ್ಗಿಸಿದರು.

“ಗೊತ್ತಿಲ್ಲ,” ಎಂದ ವೆಂಕೋಬರಾಯ.

ಬೇರೆ ದುಭಾಷಿಯನ್ನು ಕರೆಸುವುದು ಒಳ್ಳೆಯದೆಂದು ಸರ್ಕಾರಿ ವಕೀಲ ಹೇಳಿದ. ದೊರೆ ಒಪ್ಪಲಿಲ್ಲ. “ಇವರೇ ಕೇಳಲಿ,” ಎಂದ. “ನಾನು ಕಾಯುತ್ತೇನೆ.”

ವೆಂಕೋಬರಾಯ ಕಟಕಟೆಯ ಹತ್ತಿರ ಹೋಗಿ ನಿಂತ. ಈ ಸಲ ಪ್ರಶ್ನೆಯನ್ನು ಬಿಡಿಸಿ ಕೇಳಿದ.

“ಬೈಲಪ್ಪ, ಮಲ್ಲಕ್ಕ ಸತ್ತ ದಿನ ತೂಬನ್ನು ಯಾರು ಎತ್ತಿದರು, ಹೇಗೆ ಎತ್ತಿದರು ಎಂಬುದು ನಿನಗೆ ಗೊತ್ತೇ?”

ತನ್ನ ಮೇಲೆ ಹಿಂದಿನ ದಿನ ಏನು ಬಂದಿತ್ತೆಂಬುದು ಬೈಲಪ್ಪನಿಗೆ ಆಗತಾನೇ ತಿಳಿದಿತ್ತು.

“ನಂಗೆಂಗೆ ಗೊತ್ತಾಯ್ತದೆ ಸ್ವಾಮಿ. ನಾನು ಊರಾಗಿರ್ಲಿಲ್ಲ. ಮಗಳ ಮನೆಗೆ ಹೋಗಿದ್ದೆ.”

ಅಲ್ಲಿಗೆ ಅವನ ಮಾತು ನಿಂತಿತು. ಹಿಂದಿನ ವೆಂಕೋಬರಾಯನಾಗಿದ್ದರೆ ಆ ಹೊತ್ತಿಗೆ ಇಂಗ್ಲಿಷ್ ಹೇಳಿ ಮುಗಿಸಿ ದೊರೆಯ ಮುಂದಿನ ಪ್ರಶ್ನೆಗೆ ಕಿವಿ ಕೊಟ್ಟಿರುತ್ತಿದ್ದ. ಇಂದು ಅವನು ಬೈಲಪ್ಪನ ಮುಖವನ್ನೇ ನೋಡುತ್ತ ನಿಂತ. ಕೋರ್ಟಿನಲ್ಲಿ ಯಾರೋ ಕೆಮ್ಮಿದರು. ದೊರೆ ಲೇಖನಿ ಹಿಡಿದು ಕುಳಿತಿದ್ದ.

ಬೈಲಪ್ಪ ಗೋಡೆಯ ಬಳಿ ಕುಳಿತಿದ್ದ ಮಲ್ಲಕ್ಕನ ಗಂಡನ ಕಡೆ ನೋಡಿದ.

“ಇದ್ದಿದ್ರೆ ಊದ್ತಿದ್ದೆ,” ಎಂದ.

ವೆಂಕೋಬರಾಯ ಮತ್ತೂ ಕಾದ. ಬೇರೆ ಮಾತು ಬರಲಿಲ್ಲ. ಆಗ ಅವನು ದೊರೆಯ ಕಡೆ ತಿರುಗಿ ಎರಡು ಮಾತುಗಳನ್ನೂ ಇಂಗ್ಲಿಷಿನಲ್ಲಿ ಹೇಳಿದ. ಹೇಳುವಾಗ ಅವನ ದನಿ ಒಡೆಯಿತು. ಅದುವರೆಗೆ ಅವನ ದನಿ ಒಡೆದದ್ದನ್ನು ಆ ಕೋರ್ಟು ಕಂಡಿರಲಿಲ್ಲ. ಮಲ್ಲಕ್ಕನ ಗಂಡ ಹೆಗಲ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡು ಎದ್ದು ಹೊರಗೆ ಹೋದ.

ದೊರೆ ತೀರ್ಪನ್ನು ಮುಂದಕ್ಕೆ ಹಾಕಿದ. ಬೈಲಪ್ಪನ ಮಗಳ ಊರಿನಿಂದ ಜನ ಬಂದರು. ಸೂಲಗಿತ್ತಿ ಬಂದಳು. ಆ ದಿನ ಬೈಲಪ್ಪ ತಮ್ಮ ಊರಿನಲ್ಲಿದ್ದನೆಂದು ಹೇಳಿದರು. ಏರಿಯ ಮೇಲೆ ಅವನನ್ನು ಕಂಡೆವು ಎಂದಿದ್ದವರನ್ನು ದೊರೆ ಒಬ್ಬೊಬ್ಬರನ್ನಾಗಿ ಕರೆದು ಕೇಳಿದ. ಒಬ್ಬನ ಮಾತು ಇನ್ನೊಬ್ಬನ ಮಾತಿಗೆ ಕೂಡಲಿಲ್ಲ. ಗೌಡನ ಗದ್ದೆಗೆ ಅವಸರವಾಗಿ ನೀರು ಬೇಕಾಗಿತ್ತು, ನೀರಗಂಟಿ ಬರುವವರೆಗೆ ಕಾಯಲಾರದೆ ಅವನ ಆಳುಗಳೇ ಹಲಗೆ ಎತ್ತಿದ್ದರು ಎಂಬುದು ಹೊರಗೆ ಬಂತು. ಬೈಲಪ್ಪನನ್ನು ಬಿಟ್ಟರು. ಅವನು ಹಳ್ಳಿಗೆ ಹೋಗಿ ಮೊದಲು ಮಡಿವಾಳರ ಮನೆಗೆ ಹೋದನೆಂದು ಹೇಳುತ್ತಾರೆ. ಅಲ್ಲಿ ಏನು ಮಾತಾಯಿತೆಂದು ಯಾರಿಗೂ ಗೊತ್ತಿಲ್ಲ.

ದೊರೆ ವೆಂಕೋಬರಾಯನನ್ನು ಕೆಲಸದಿಂದ ತೆಗೆಯಲಿಲ್ಲ. ಅವನೂ ಬಿಡಲಿಲ್ಲ. ಆದರೆ ರಜೆ ಸಿಕ್ಕ ದಿನ ಅವನು ಅಪ್ಪಣೆ ಪಡೆದು ಸೆರೆಮನೆಗೆ ಹೋಗತೊಡಗಿದ. ತಾನು ಯಾರ ಮಾತನ್ನು ಇಂಗ್ಲಿಷಿಗೆ ತಂದಿದ್ದನೋ ಅವರನ್ನು ಕಂಡು, ಆ ದಿನ ನೀನು ಹೇಳಿದ್ದನ್ನು ನನಗೆ ಇನ್ನೊಂದು ಸಲ ಹೇಳು, ನಾನು ಕೊನೆಯವರೆಗೆ ಕೇಳುತ್ತೇನೆ ಎನ್ನುತ್ತಿದ್ದ.

ಕೆಲವರು ಅವನನ್ನು ಬೈದು ಕಳಿಸಿದರು. ಒಬ್ಬ ಕಳ್ಳ ನಕ್ಕು, “ನೀವು ಸರಿಯಾಗೇ ಹೇಳಿದ್ರಿ ರಾಯರೇ. ಕದ್ದೋನು ನಾನೇ,” ಎಂದ. ಆ ದಿನ ವೆಂಕೋಬರಾಯ ಮನೆಯಲ್ಲಿ ಹೊಟ್ಟೆ ತುಂಬ ಉಂಡ. ಒಬ್ಬ ಹೆಂಗಸಿನ ಮಾತಿನಲ್ಲಿ ತಾನು ಬಿಟ್ಟದ್ದು ಏನೆಂದು ಅವನಿಗೆ ತಿಳಿಯಿತು. ಅವಳ ಕೇಸನ್ನು ಮತ್ತೆ ಕೇಳಬೇಕೆಂದು ಅವನೇ ಮುಂದೆ ನಿಂತು ಅರ್ಜಿ ಹಾಕಿಸಿದ. ಇನ್ನೊಬ್ಬನನ್ನು ಹುಡುಕಿಕೊಂಡು ಹೋದಾಗ ಅವನು ಜ್ವರದಲ್ಲಿ ತೀರಿಹೋಗಿ ಬಹಳ ದಿನವಾಗಿತ್ತು.

ಒಬ್ಬ ಮುದುಕ ಕುರುಬ ಇದ್ದ. ಅವನ ಎದುರಿಗೆ ವೆಂಕೋಬರಾಯ ಇಡೀ ಮಧ್ಯಾಹ್ನ ಕುಳಿತ. ಹೊರಡುವ ಹೊತ್ತಿಗೆ ಮುದುಕ, “ನಾನು ಏನಂದೆ ಅನ್ನೋದು ನಂಗೇ ನೆಪ್ಪಿಲ್ಲ ಅಯ್ಯಾ,” ಎಂದ. “ನೀವು ಅಂದಿದ್ದನ್ನೇ ನನ್ನ ಮಾತು ಅಂತ ಇಟ್ಕೊಂಡಿವ್ನಿ.”

ವೆಂಕೋಬರಾಯ ಅಲ್ಲಿಂದ ಎದ್ದು ಬರಲಾರದೆ ಬಂದ.

ಕೋರ್ಟಿನಲ್ಲಿ ಅವನ ನಡೆ ಬದಲಾಯಿತು. ಸಾಕ್ಷಿಯ ಮಾತು ಮುಗಿದ ಮೇಲೂ ಅವನು ಕಾಯುತ್ತಿದ್ದ. ಅನುಮಾನ ಬಂದರೆ, “ಒಂದು ಸಲ ಹಾಗೆ ಮಾಡಿದೆಯೋ, ಯಾವಾಗಲೂ ಹಾಗೆ ಮಾಡುತ್ತೀಯೋ?” ಎಂದು ದೊರೆಯ ಅಪ್ಪಣೆ ಪಡೆದು ಕೇಳುತ್ತಿದ್ದ. ಕೆಲಸ ಸಂಜೆಯವರೆಗೂ ಎಳೆಯುತ್ತಿತ್ತು. ಅವನನ್ನು ಕೇಳಲು ಹೊಸ ವಕೀಲರು ಬರುವುದು ನಿಂತುಹೋಯಿತು. ರಾಯರಿಗೆ ವಯಸ್ಸಾಯಿತು, ಮೊದಲಿನ ಚುರುಕಿಲ್ಲ ಎಂದು ಮಾತಾಡಿಕೊಂಡರು. ಆ ದೊರೆಗೆ ಬೇರೆ ಊರಿಗೆ ವರ್ಗವಾಯಿತು. ಹೊಸ ದೊರೆಗೆ ಸಾವಧಾನ ಕಡಿಮೆ. ಅವನು ವೆಂಕೋಬರಾಯನನ್ನು ಮನೆಗೆ ಕಳಿಸಿ ಚುರುಕಾದ ಒಬ್ಬ ತರುಣನನ್ನು ಆ ಜಾಗಕ್ಕೆ ತಂದ. ಬೀಳ್ಕೊಡುವ ದಿನ ವೆಂಕೋಬರಾಯ ಯಾರ ಮೇಲೂ ದೂರು ಹೇಳಲಿಲ್ಲ. ಸಾಯುವವರೆಗೂ ಅವನು ಮಾತಿಗೆ ಸಿಕ್ಕವರ ಮುಂದೆ ಸ್ವಲ್ಪ ಹೆಚ್ಚೇ ಹೊತ್ತು ಸುಮ್ಮನಿರುತ್ತಿದ್ದನಂತೆ. ಅವನಿಗೆ ಕಿವಿ ಮಂದವಾಗಿದೆ ಎಂದು ಕೆಲವರು ತಿಳಿದಿದ್ದರು.

ಗುರುಗಳು ಕತೆ ಮುಗಿಸಿದರು.

ನೇಮಣ್ಣ ಬೈಲಪ್ಪನ ಮಾತನ್ನು ಮನಸ್ಸಿನಲ್ಲೇ ಇಂಗ್ಲಿಷಿಗೆ ತಿರುಗಿಸಿ ನೋಡುತ್ತಿದ್ದ. ಅವನ ತುಟಿಗಳು ಸಣ್ಣಗೆ ಅಲುಗುತ್ತಿದ್ದವು. ಆಮೇಲೆ ತಲೆಯೆತ್ತಿ ಕೇಳಿದ:

“ಗುರುಗಳೇ, ಒಂದು ಉಳಿಯಿತು. ಬೈಲಪ್ಪ ‘ಕೆರೆ ತುಂಬ್ದಾಗ’ ಎಂದನಲ್ಲ, ಆ ಗಳಿಗೆಯಲ್ಲಿ ದುಭಾಷಿ ಯಾವ ಮಾತು ಹೇಳಬೇಕಿತ್ತು? ‘ವೆನ್’ ಎನ್ನಬೇಕಿತ್ತೇ, ‘ವೆನೆವರ್’ ಎನ್ನಬೇಕಿತ್ತೇ?”

ಗುರುಗಳು ಹೇಳಿದರು: “ಆ ಗಳಿಗೆಯಲ್ಲಿ ಮಾತಾಡುತ್ತಿದ್ದವನು ಬೈಲಪ್ಪ.”